ನೀರು ವೇಗವರ್ಧಕವೇ? ಸಾವಯವ ಕ್ರಿಯೆಗಳನ್ನು ಕುರಿತ ಒಂದು ವಾದದ ವಿಮರ್ಶೆ

ಸಾವಯವ ರಸಾಯನಶಾಸ್ತ್ರದಲ್ಲಿ ನೀರಿಗೆ ಬಹುಕಾಲ ಒಳ್ಳೆಯ ಹೆಸರಿರಲಿಲ್ಲ. ಗ್ರಿನ್ಯಾರ್ ಕಾರಕವನ್ನು ಮೊದಲ ಬಾರಿಗೆ ತಯಾರಿಸುವ ವಿದ್ಯಾರ್ಥಿಗೆ ಅಧ್ಯಾಪಕರು ಕೊಡುವ ಮೊದಲನೆಯ ಎಚ್ಚರಿಕೆಯೇ ಪಾತ್ರೆಯಲ್ಲಿ ತೇವದ ಲವಲೇಶವೂ ಉಳಿಯಕೂಡದೆಂಬುದು. ಈಥರನ್ನು ಸೋಡಿಯಂ ತಂತಿಯ ಮೇಲಿಟ್ಟು ಒಣಗಿಸುವುದು, ಶೀತಕದ ಬಾಯಿಗೆ ಕ್ಯಾಲ್ಸಿಯಂ ಕ್ಲೋರೈಡಿನ ನಾಳವನ್ನು ಜೋಡಿಸುವುದು, ಪಾತ್ರೆಗಳನ್ನು ಒಲೆಯಲ್ಲಿ ಕಾಯಿಸಿ ತಣಿಸುವುದು, ಇವೆಲ್ಲವೂ ನೀರನ್ನು ಹೊರಗಿಡುವ ಉಪಾಯಗಳೇ. ಅಂಥ ನೀರು ಕಳೆದ ನಾಲ್ಕು ದಶಕಗಳಿಗೂ ಮಿಕ್ಕ ಅವಧಿಯಲ್ಲಿ ಬೇರೊಂದು ವೇಷದಲ್ಲಿ ರಂಗಕ್ಕೆ ಬಂದಿದೆ. "ನೀರು ಸಾವಯವ ಕ್ರಿಯೆಗಳಿಗೆ ವೇಗವರ್ಧಕ" ಎಂಬ ಮಾತು ಸಂಶೋಧನ ಲೇಖನಗಳ ಶಿರೋನಾಮೆಗಳಿಂದ ಹೊರಟು ಪಠ್ಯಪುಸ್ತಕಗಳಿಗೂ, ಅಲ್ಲಿಂದ ಪ್ರಯೋಗಶಾಲೆಯ ಕೈಪಿಡಿಗಳಿಗೂ ಇಳಿದಿದೆ. ಈ ಮಾತಿನಲ್ಲಿ ಎಷ್ಟು ಭಾಗ ಪ್ರಯೋಗದಿಂದ ಸಿದ್ಧವಾದದ್ದು, ಎಷ್ಟು ಭಾಗ ಮಾತಿನ ರೂಢಿ ಎಂಬುದನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ಪದದ ವಿಚಾರ. ಕನ್ನಡದಲ್ಲಿ ನಾವು ಬಳಸುವ "ವೇಗವರ್ಧಕ", "ಕ್ರಿಯಾವರ್ಧಕ" ಎಂಬ ಎರಡು ಪದಗಳೂ ಫಲವನ್ನು ಹೇಳುತ್ತವೆಯೇ ಹೊರತು ಆ ಫಲ ದೊರೆಯುವ ಬಗೆಯನ್ನು ಹೇಳುವುದಿಲ್ಲ. ವೇಗವನ್ನು ಹೆಚ್ಚಿಸುವುದೆಲ್ಲವೂ ವೇಗವರ್ಧಕವೆಂದು ಪದದ ಅರ್ಥವನ್ನೇ ಹಿಡಿದು ನಡೆದರೆ ಪಾತ್ರೆಯ ಕೆಳಗಿನ ಜ್ವಾಲೆಯನ್ನೂ ಆ ಹೆಸರಿನಿಂದ ಕರೆಯಬೇಕಾದೀತು. 1835ರಲ್ಲಿ ಬರ್ಜೀಲಿಯಸನು ಗ್ರೀಕಿನಿಂದ ಕಟ್ಟಿದ ಮೂಲಪದಕ್ಕೆ ಸಡಿಲಿಸುವುದು, ಬಿಡಿಸುವುದು ಎಂಬ ಅರ್ಥವಿದೆ; ವೃದ್ಧಿಯ ಸೂಚನೆ ಅದರಲ್ಲಿಲ್ಲ. ಆ ಪದಕ್ಕೆ ಇಂದಿನ ಕಟ್ಟುನಿಟ್ಟಾದ ಅರ್ಥವನ್ನು ಕೊಟ್ಟವನು ಆಸ್ಟ್‌ವಾಲ್ಡ್. ಕ್ರಿಯೆಯ ವೇಗವನ್ನು ಬದಲಿಸಿಯೂ ಅಂತ್ಯಫಲದಲ್ಲಿ ಕಾಣಿಸಿಕೊಳ್ಳದ ವಸ್ತು ಎಂದು ಆತನು ಹೇಳಿದ ಲಕ್ಷಣಕ್ಕೆ ಒಂದು ಉಪಸಿದ್ಧಾಂತ ಅನಿವಾರ್ಯವಾಗಿ ಸೇರುತ್ತದೆ: ವೇಗವರ್ಧಕವು ಸಮತೋಲವನ್ನು ಕದಲಿಸಲಾರದು. ಅದು ಮುಮ್ಮುಖ ಕ್ರಿಯೆಯನ್ನೂ ಹಿಮ್ಮುಖ ಕ್ರಿಯೆಯನ್ನೂ ಒಂದೇ ಪ್ರಮಾಣದಲ್ಲಿ ತ್ವರೆಗೊಳಿಸುತ್ತದೆ. ನಮ್ಮ ಪರಾಮರ್ಶೆಗೆ ಈ ಉಪಸಿದ್ಧಾಂತವೇ ಒರೆಗಲ್ಲು.

ನೀರಿಗೆ ಈ ಪದವಿಯನ್ನು ಕೊಡುವ ಯೋಚನೆ, ಕುತೂಹಲದ ಸಂಗತಿಯೆಂದರೆ, ಬರ್ಜೀಲಿಯಸನ ಪದಕ್ಕಿಂತಲೂ ಹಳೆಯದು. 1794ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ದಹನವನ್ನು ಕುರಿತ ಪ್ರಬಂಧದಲ್ಲಿ ಎಲಿಜಬೆತ್ ಫುಲ್ಹೇಮ್ ಎಂಬ ಮಹಿಳೆ, ಅನೇಕ ಉತ್ಕರ್ಷಣ ಮತ್ತು ಅಪಕರ್ಷಣ ಕ್ರಿಯೆಗಳು ನಡೆಯಲು ನೀರು ಅವಶ್ಯಕವೆಂದೂ, ಅದು ವಿಭಜನೆಗೊಂಡು ಕಡೆಯಲ್ಲಿ ಮತ್ತೆ ಹುಟ್ಟುತ್ತದೆಂದೂ ವಾದಿಸಿದಳು. ಆಕೆ ಊಹಿಸಿದ ಕ್ರಮ ಇಂದು ನಿಲ್ಲುವುದಿಲ್ಲ. ಆದರೆ ಭಾಗವಹಿಸಿ, ಮರಳಿ ಬರುವುದು ಎಂಬ ಎರಡು ಲಕ್ಷಣಗಳನ್ನು ಆಕೆ ಸ್ಪಷ್ಟವಾಗಿ ಹಿಡಿದಿದ್ದಳು. ಇಂದಿನ ಎಷ್ಟೋ ಲೇಖನಗಳಲ್ಲಿ ಎರಡನೆಯ ಲಕ್ಷಣದ ಪ್ರಸ್ತಾಪವೇ ಇರುವುದಿಲ್ಲ. 1880ರಲ್ಲಿ ಡಿಕ್ಸನ್ ಎಂಬಾತನು, ಚೆನ್ನಾಗಿ ಒಣಗಿಸಿದ ಇಂಗಾಲದ ಮಾನಾಕ್ಸೈಡ್ ಮತ್ತು ಆಮ್ಲಜನಕಗಳ ಮಿಶ್ರಣವು ವಿದ್ಯುತ್ ಕಿಡಿಗೆ ಸ್ಫೋಟಿಸುವುದಿಲ್ಲವೆಂದೂ, ಅತ್ಯಲ್ಪ ತೇವ ಸೇರಿದೊಡನೆ ಸ್ಫೋಟಿಸುತ್ತದೆಂದೂ ತೋರಿಸಿದ ಮೇಲೆ ಈ ಬಗೆಯ ವಿಚಾರಗಳಿಗೆ ಮತ್ತಷ್ಟು ಬೆಲೆ ಬಂದಿತು.

ಸಾವಯವ ರಸಾಯನದಲ್ಲಿ ನೀರಿನ ವೇಗವರ್ಧನೆಗೆ ಅತ್ಯಂತ ಗಟ್ಟಿಯಾದ ಸಾಕ್ಷ್ಯವು ನಮ್ಮ ಕಾಲೇಜು ಪ್ರಯೋಗಶಾಲೆಗಳಲ್ಲಿಯೇ ದಿನಬಳಕೆಯಲ್ಲಿರುವ ಒಂದು ಪ್ರಯೋಗದಲ್ಲಿ ಅಡಗಿದೆ. ಆಲ್ಫಾ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಪೋಲಾರಿಮೀಟರಿನಲ್ಲಿ ನೋಡಿದರೆ ಅದರ ವಿಶಿಷ್ಟ ಭ್ರಮಣ ಸುಮಾರು 112 ಡಿಗ್ರಿಯಿಂದ ಮೆಲ್ಲಮೆಲ್ಲನೆ ಇಳಿದು 52.7 ಡಿಗ್ರಿಯಲ್ಲಿ ನಿಲ್ಲುತ್ತದೆ. ಬೀಟಾ ರೂಪವನ್ನು ತೆಗೆದುಕೊಂಡರೆ ಸುಮಾರು 18.7 ಡಿಗ್ರಿಯಿಂದ ಏರಿ ಅದೇ ಅಂಕಕ್ಕೆ ಬಂದು ಸೇರುತ್ತದೆ. 1846ರಲ್ಲಿ ಡ್ಯುಬ್ರುನ್‌ಫೋ ಕಂಡುಹಿಡಿದ ಈ ಭ್ರಮಣಪರಿವರ್ತನೆಯನ್ನು ನಾವು ಸಾಮಾನ್ಯವಾಗಿ ಸಕ್ಕರೆಗಳ ರಚನೆಯನ್ನು ಬೋಧಿಸುವಾಗ ಹೇಳಿ ಮುಗಿಸಿಬಿಡುತ್ತೇವೆ. ಇದರ ಹೆಚ್ಚಿನ ಬೆಲೆ ವೇಗಶಾಸ್ತ್ರದಲ್ಲಿದೆ.

ಒಂದು ರೂಪ ಮತ್ತೊಂದಾಗಬೇಕಾದರೆ ಸಕ್ಕರೆಯ ಉಂಗುರ ತೆರೆದು ಮತ್ತೆ ಮುಚ್ಚಬೇಕು. ತೆರೆಯುವಾಗ ಉಂಗುರದೊಳಗಿನ ಆಮ್ಲಜನಕಕ್ಕೆ ಯಾರಾದರೂ ಒಂದು ಪ್ರೋಟಾನನ್ನು ಕೊಡಬೇಕು. ಹೊರಗಿನ ಹೈಡ್ರಾಕ್ಸಿಲಿನಿಂದ ಯಾರಾದರೂ ಒಂದು ಪ್ರೋಟಾನನ್ನು ತೆಗೆದುಕೊಳ್ಳಬೇಕು. ಲೋರಿ ಮತ್ತು ಫಾಕ್ನರ್ ಇವರು 1925ರಲ್ಲಿ ಟೆಟ್ರಾಮೀಥೈಲ್ ಗ್ಲೂಕೋಸನ್ನು ಒಣಗಿದ ಪಿರಿಡೀನಿನಲ್ಲಿ ಕರಗಿಸಿ ನೋಡಿದರು. ಪರಿವರ್ತನೆ ಬಹುಮಟ್ಟಿಗೆ ನಿಂತುಹೋಗಿತ್ತು. ಒಣಗಿದ ಕ್ರೆಸಾಲಿನಲ್ಲಿಯೂ ಹಾಗೆಯೇ. ಆದರೆ ಎರಡನ್ನೂ ಬೆರೆಸಿದಾಗ, ಅಥವಾ ಪಿರಿಡೀನಿಗೆ ನೀರನ್ನು ಸೇರಿಸಿದಾಗ, ಅದು ಶೀಘ್ರವಾಗಿ ನಡೆಯಿತು. ಪಿರಿಡೀನ್ ಪ್ರತ್ಯಾಮ್ಲ, ಪ್ರೋಟಾನನ್ನು ಕೊಳ್ಳಬಲ್ಲದು, ಕೊಡಲಾರದು. ಕ್ರೆಸಾಲ್ ಆಮ್ಲ, ಕೊಡಬಲ್ಲದು, ಕೊಳ್ಳುವುದರಲ್ಲಿ ಬಲಹೀನ. ನೀರೊಂದೇ ಎರಡು ಕೈಗಳನ್ನೂ ಚಾಚಬಲ್ಲದು. ಒಂದು ಕಡೆ ಕೊಟ್ಟದ್ದನ್ನು ಮತ್ತೊಂದು ಕಡೆಯಿಂದ ಹಿಂದಕ್ಕೆ ಪಡೆಯುವುದರಿಂದ ಕ್ರಿಯೆ ಮುಗಿದಾಗ ನೀರು ನೀರಾಗಿಯೇ ಉಳಿದಿರುತ್ತದೆ. ಭಾಗವಹಿಸುವುದು, ಮರಳುವುದು ಎರಡೂ ಇಲ್ಲಿವೆ.

ಈ ಪ್ರಯೋಗದ ಸೊಗಸೆಲ್ಲ ಅದರ ಮಾಧ್ಯಮದ ಆಯ್ಕೆಯಲ್ಲಿದೆ ಎಂದು ನಮ್ಮ ಅಭಿಪ್ರಾಯ. ಶುದ್ಧ ನೀರಿನಲ್ಲಿ ನೀರಿನ ಸಾರತೆ ಲೀಟರಿಗೆ ಸುಮಾರು 55.5 ಮೋಲ್. ತೆಳುವಾದ ದ್ರಾವಣಗಳಲ್ಲಿ ಅದನ್ನು ಹೇಳಿಕೊಳ್ಳುವಷ್ಟು ಬದಲಿಸುವುದು ಸಾಧ್ಯವೇ ಇಲ್ಲ. ಆದಕಾರಣ ವೇಗಸಮೀಕರಣದಲ್ಲಿ ನೀರಿನ ಘಾತ ಒಂದೋ ಎರಡೋ ಸೊನ್ನೆಯೋ ಎಂಬುದನ್ನು ನೀರಿನಲ್ಲಿಯೇ ನಿಂತು ತಿಳಿಯುವಂತಿಲ್ಲ. ಬ್ರನ್‌ಸ್ಟೆಡ್ ಮತ್ತು ಗುಗೆನ್‌ಹೈಮ್ 1927ರಲ್ಲಿ ಗ್ಲೂಕೋಸಿನ ಪರಿವರ್ತನಾವೇಗವನ್ನು ನೀರು, ಜಲಜನಕ ಅಯಾನು, ಇತರ ಆಮ್ಲ ಪ್ರತ್ಯಾಮ್ಲಗಳು ಇವುಗಳ ಪಾಲುಗಳ ಮೊತ್ತವಾಗಿ ಬಿಡಿಸಿ ತೋರಿಸಿದಾಗಲೂ ನೀರಿನ ಪಾಲು ಒಂದು ಸ್ಥಿರಾಂಕವಾಗಿಯೇ ಉಳಿಯಿತು; ಅದರೊಳಗೆ ಎಷ್ಟು ಅಣುಗಳಿವೆಯೆಂಬುದು ಮುಚ್ಚಿಯೇ ಇತ್ತು. ಲೋರಿಯು ನೀರನ್ನು ಬೇರೊಂದು ದ್ರಾವಕದಲ್ಲಿ ಅತಿಥಿಯನ್ನಾಗಿ ಮಾಡಿದ್ದರಿಂದ ಅದರ ಕೆಲಸ ಬಯಲಿಗೆ ಬಂದಿತು. ನೀರು ವೇಗವರ್ಧಕವೆಂದು ಹೇಳುವವರು ಸಾಧ್ಯವಾದೆಡೆಯಲ್ಲೆಲ್ಲ ಇದೇ ದಾರಿಯನ್ನು ಹಿಡಿಯಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. 2007ರಲ್ಲಿ ಅಸೆಟಾಲ್ಡಿಹೈಡ್ ಮತ್ತು ಹೈಡ್ರಾಕ್ಸಿಲ್ ರ‍್ಯಾಡಿಕಲ್ಲುಗಳ ಅನಿಲಕ್ರಿಯೆಯಲ್ಲಿ, ತಾಪವನ್ನು ಬಹಳ ಇಳಿಸಿದಾಗ, ನೀರಿನ ಒಂಟಿ ಅಣುಗಳೇ ವೇಗವನ್ನು ಹೆಚ್ಚಿಸುತ್ತವೆಂದು ತೋರಿಸಿದ ಕೆಲಸ ಈ ದಾರಿಯ ಕಡೆಯ ಮಜಲು. ಅಲ್ಲಿ ಮಾಧ್ಯಮವೆಂಬುದೇ ಇಲ್ಲವಾದ್ದರಿಂದ ಮಾಧ್ಯಮದ ಗುಣವೆಂದು ಹೇಳಿ ತಪ್ಪಿಸಿಕೊಳ್ಳಲು ಎಡೆಯಿಲ್ಲ.

ಇನ್ನು ಮಾಧ್ಯಮವಾಗಿ ನೀರು. ದ್ರಾವಕವು ವೇಗವನ್ನು ಬದಲಿಸುತ್ತದೆಂಬುದು ಹಳೆಯ ವಿಷಯ. ಆದರೆ ಅದು ಸಮತೋಲವನ್ನೂ ಬದಲಿಸುತ್ತದೆಂಬುದನ್ನು ಮರೆಯಬಾರದು. ಈಥೈಲ್ ಅಸಿಟೋಅಸಿಟೇಟಿನ ಈನಾಲ್ ರೂಪ ಹೆಕ್ಸೇನಿನಲ್ಲಿ ನೂರಕ್ಕೆ ಸುಮಾರು 46ರಷ್ಟಿದ್ದರೆ ನೀರಿನಲ್ಲಿ ಕೇವಲ 0.4ರಷ್ಟು. ಇಲ್ಲಿ ನೀರು ಕಾಲವನ್ನು ಮಾತ್ರ ಉಳಿಸುತ್ತಿಲ್ಲ, ತಕ್ಕಡಿಯನ್ನೇ ವಾಲಿಸುತ್ತಿದೆ. ಆಸ್ಟ್‌ವಾಲ್ಡನ ಒರೆಗಲ್ಲಿನ ಮೇಲೆ ಇಂಥ ವರ್ತನೆಗೆ ವೇಗವರ್ಧನೆಯೆಂಬ ಹೆಸರು ಸಲ್ಲದು. ಈ ಭೇದವನ್ನು ಕೈಯಲ್ಲಿ ಹಿಡಿದುಕೊಂಡೇ ಈಚಿನ ಪ್ರಸಿದ್ಧ ಪ್ರಯೋಗಗಳಿಗೆ ಬರೋಣ.

ಡೀಲ್ಸ್ ಮತ್ತು ಆಲ್ಡರ್ ಇವರೇ 1931ರಲ್ಲಿ ಫ್ಯೂರಾನ್ ಮತ್ತು ಮಲೀಯಿಕ್ ಆಮ್ಲಗಳನ್ನು ನೀರಿನಲ್ಲಿ ಕೂಡಿಸಿದ್ದರು. ಆದರೆ ಅವರ ಹೆಸರಿನ ಕ್ರಿಯೆಯನ್ನು ಬೆನ್ಸೀನ್, ಟಾಲ್ವೀನ್ ಮುಂತಾದವುಗಳಲ್ಲಿ ನಡೆಸುವುದೇ ರೂಢಿಯಾಯಿತು. ಈ ಕ್ರಿಯೆಗೆ ದ್ರಾವಕದ ಹಂಗು ಅಷ್ಟಾಗಿ ಇಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. 1980ರಲ್ಲಿ ರೈಡೌಟ್ ಮತ್ತು ಬ್ರೆಸ್ಲೋ ಪ್ರಕಟಿಸಿದ ಒಂದು ಪುಟ್ಟ ಲೇಖನ ಈ ನೆಮ್ಮದಿಯನ್ನು ಕೆಡಿಸಿತು. ಸೈಕ್ಲೊಪೆಂಟಾಡೈಯೀನ್ ಮತ್ತು ಮೀಥೈಲ್ ವಿನೈಲ್ ಕೀಟೋನುಗಳ ಸಂಯೋಗ 20 ಡಿಗ್ರಿ ಸೆಲ್ಸಿಯಸಿನಲ್ಲಿ ಐಸೊಆಕ್ಟೇನಿಗಿಂತ ನೀರಿನಲ್ಲಿ 700 ಪಟ್ಟಿಗೂ ಹೆಚ್ಚು ವೇಗವಾಗಿ ನಡೆಯಿತು. ಮೆಥನಾಲಿಗೆ ಹೋಲಿಸಿದರೂ ಸುಮಾರು 58 ಪಟ್ಟು. ನೀರು ಧ್ರುವೀಯ ದ್ರಾವಕವಾದ್ದರಿಂದ ಹೀಗಾಯಿತೆಂದು ಹೇಳಿಬಿಡಬಹುದಲ್ಲವೆ? ಅದಕ್ಕೂ ಅವರು ಉತ್ತರವನ್ನು ಸಿದ್ಧಪಡಿಸಿದ್ದರು. ಆಂತ್ರಸೀನ್ ಮೆಥನಾಲ್ ಮತ್ತು ಎನ್-ಈಥೈಲ್ ಮಲೀಯಿಮೈಡುಗಳ ಸಂಯೋಗ ಮೆಥನಾಲಿಗಿಂತ ಐಸೊಆಕ್ಟೇನಿನಲ್ಲಿಯೇ ವೇಗ. ಎಂದರೆ ಧ್ರುವೀಯತೆ ಇಲ್ಲಿ ಅಡ್ಡಿ. ಆದರೂ ನೀರು ಐಸೊಆಕ್ಟೇನನ್ನು ಸುಮಾರು 28 ಪಟ್ಟು ಹಿಂದೆ ಹಾಕಿತು.

ಲವಣಗಳ ಪರೀಕ್ಷೆ ಇನ್ನೂ ಜಾಣತನದ್ದು. ನೀರಿಗೆ ಲಿಥಿಯಂ ಕ್ಲೋರೈಡನ್ನು ಸೇರಿಸಿದರೆ ಎಣ್ಣೆಯ ಜಾತಿಯ ಅಣುಗಳು ನೀರಿನಿಂದ ಮತ್ತಷ್ಟು ಒತ್ತರಿಸಲ್ಪಡುತ್ತವೆ. ಗ್ವಾನಿಡೀನಿಯಂ ಕ್ಲೋರೈಡ್ ಸೇರಿಸಿದರೆ ಹಾಗಾಗುವುದಿಲ್ಲ. ಮೊದಲನೆಯದರಲ್ಲಿ ವೇಗ ಸುಮಾರು ಎರಡೂವರೆ ಪಟ್ಟು ಏರಿತು, ಎರಡನೆಯದರಲ್ಲಿ ಏರಲಿಲ್ಲ. ಜಲವಿಕರ್ಷಣೆಯೇ, ಅಂದರೆ ಎಣ್ಣೆಯಂಥ ಅಣುಗಳನ್ನು ನೀರು ಒಂದರ ಪಕ್ಕಕ್ಕೊಂದನ್ನು ತಳ್ಳುವ ಗುಣವೇ, ಈ ವೇಗದ ಮೂಲವೆಂದು ಬ್ರೆಸ್ಲೋ ತೀರ್ಮಾನಿಸಿದರು. ಉತ್ಪನ್ನದ ಎರಡು ರೂಪಗಳ ಪೈಕಿ ಹೆಚ್ಚು ಒತ್ತಾಗಿ ಕೂಡುವ ರೂಪದ ಪಾಲು ನೀರಿನಲ್ಲಿ ಬಹುವಾಗಿ ಏರಿದ್ದೂ ಇದೇ ತೀರ್ಮಾನವನ್ನು ಬೆಂಬಲಿಸಿತು.

ಈ ಲೇಖನವನ್ನು ನಾವು ಗೌರವದಿಂದ ಓದುತ್ತೇವೆ. ಸಂಶಯಕ್ಕೆ ಎಡೆಯಿರುವ ಪ್ರತಿಯೊಂದು ಕಡೆಯಲ್ಲಿಯೂ ಒಂದು ಎದುರು ಪ್ರಯೋಗವನ್ನು ನಿಲ್ಲಿಸಿರುವುದು ಅದರ ಹಿರಿಮೆ. ಅಳತೆಗಳು ತೆಳುವಾದ ಏಕರೂಪ ದ್ರಾವಣಗಳಲ್ಲಿ ಆದವು. ಹೋಲಿಸಿರುವುದು ವೇಗ ಸ್ಥಿರಾಂಕಗಳನ್ನೇ ಹೊರತು ಗಡಿಯಾರದ ಗಂಟೆಗಳನ್ನಲ್ಲ. ಆದರೆ ಆ ಲೇಖನ ತೋರಿಸಿದ್ದು ವೇಗವರ್ಧನೆಯನ್ನೇ ಎಂಬ ಪ್ರಶ್ನೆಯನ್ನು ಅದರ ಮೇಲೆ ಕಟ್ಟಡ ಕಟ್ಟಿದವರು ಕೇಳಿಕೊಳ್ಳಲಿಲ್ಲ. ಗ್ರೋನಿಂಗನ್ನಿನ ಎಂಗ್‌ಬರ್ಟ್ಸ್ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ನಡೆಸಿದ ವಿಸ್ತಾರವಾದ ಅಧ್ಯಯನದಿಂದ ತಿಳಿದುಬರುವುದಿಷ್ಟು: ಕ್ರಿಯಾವಸ್ತುಗಳು ನೀರಿನಲ್ಲಿ ಮೊದಲೇ ನೆಮ್ಮದಿಯಿಂದಿರುವುದಿಲ್ಲ, ಅವು ಕೂಡುವ ಸಂಕ್ರಮಣ ಸ್ಥಿತಿಯಲ್ಲಿ ನೀರಿಗೆ ಒಡ್ಡಿಕೊಂಡ ಮೇಲ್ಮೈ ಕಡಮೆಯಾಗುವುದರಿಂದ ಆ ಅನೆಮ್ಮದಿ ಕಳೆಯುತ್ತದೆ. ಇದು ಆರಂಭಸ್ಥಿತಿಯ ಶಕ್ತಿಯನ್ನು ಮೇಲೆತ್ತುವ ಕೆಲಸ. ಏರಬೇಕಾದ ದಿಣ್ಣೆ ಚಿಕ್ಕದಾದಂತೆ ತೋರುವುದು ನಾವು ನಿಂತ ನೆಲ ಎತ್ತರವಾದ್ದರಿಂದ. ಅದೇ ನೆಲ ಎತ್ತರವಾದಾಗ ಕೂಡಿದ ವಸ್ತು ಮತ್ತು ಬಿಡಿ ವಸ್ತುಗಳ ನಡುವಣ ಸಮತೋಲವೂ ಕದಲಲೇಬೇಕು. ಆದಕಾರಣ ವೇಗದ ಈ ಭಾಗ, ನಾವು ಒಪ್ಪಿದ ಅರ್ಥದಲ್ಲಿ, ವೇಗವರ್ಧನೆಯಲ್ಲ, ಮಾಧ್ಯಮದ ಪ್ರಭಾವ.

ಮತ್ತೊಂದು ಭಾಗವಿದೆ. ಬ್ಲೇಕ್ ಮತ್ತು ಜಾರ್ಗನ್ಸೆನ್ 1991ರಲ್ಲಿ ಇದೇ ಕ್ರಿಯೆಯನ್ನು ಗಣಕಯಂತ್ರದಿಂದ ಲೆಕ್ಕಹಾಕಿ, ಕೀಟೋನಿನ ಆಮ್ಲಜನಕಕ್ಕೆ ನೀರಿನ ಅಣುಗಳು ಹಿಡಿದಿರುವ ಜಲಜನಕ ಬಂಧಗಳು ಸಂಕ್ರಮಣ ಸ್ಥಿತಿಯಲ್ಲಿ ಮತ್ತಷ್ಟು ಬಿಗಿಯಾಗುತ್ತವೆಂದು ಕಂಡರು. ಇದು ಲೂಯಿಸ್ ಆಮ್ಲವೊಂದು ಅದೇ ಆಮ್ಲಜನಕವನ್ನು ಹಿಡಿದು ಮಾಡುವ ಕೆಲಸದ ಮೆಲುದನಿಯ ರೂಪ. ಈ ಭಾಗವನ್ನು ವೇಗವರ್ಧನೆಯೆಂದರೆ ನಮ್ಮ ಆಕ್ಷೇಪಣೆಯಿಲ್ಲ. ಹೀಗೆ ಒಂದೇ ಪಾತ್ರೆಯಲ್ಲಿ, ಒಂದೇ 700ರ ಅಂಕದೊಳಗೆ, ಎರಡು ಬೇರೆ ಬೇರೆ ವ್ಯಾಪಾರಗಳು ಸೇರಿಕೊಂಡಿವೆ. ಒಂದೇ ಪದದಿಂದ ಎರಡನ್ನೂ ಕರೆದು ಮುಂದೆ ಸಾಗುವ ಲೇಖಕರು ಅಂಕವನ್ನು ಉಳಿಸಿಕೊಂಡು ಅರ್ಥವನ್ನು ಕಳೆದುಕೊಳ್ಳುತ್ತಾರೆ.

2005ರಲ್ಲಿ ಷಾರ್ಪ್‌ಲೆಸ್ ಮತ್ತು ಸಂಗಡಿಗರು ಪ್ರಕಟಿಸಿದ ಕೆಲಸದಿಂದ ವಿಷಯ ಮತ್ತೊಂದು ತಿರುವನ್ನು ಪಡೆಯಿತು. ಅವರು ಕ್ರಿಯಾವಸ್ತುಗಳನ್ನು ನೀರಿನಲ್ಲಿ ಕರಗಿಸುವ ಗೋಜಿಗೇ ಹೋಗಲಿಲ್ಲ. ಕರಗದ ವಸ್ತುಗಳನ್ನು ನೀರಿನೊಡನೆ ಬಲವಾಗಿ ಕಲಕಿದರು. ಕ್ವಾಡ್ರಿಸೈಕ್ಲೇನ್ ಮತ್ತು ಡೈಮೀಥೈಲ್ ಅಜೋಡೈಕಾರ್ಬಾಕ್ಸಿಲೇಟುಗಳ ಕ್ರಿಯೆ ಮುಗಿಯಲು ಟಾಲ್ವೀನಿನಲ್ಲಿ 120 ಗಂಟೆಗೂ ಹೆಚ್ಚು ಕಾಲ ಬೇಕು; ದ್ರಾವಕವಿಲ್ಲದೆ ಬರಿದೇ ಬೆರೆಸಿದರೆ 48 ಗಂಟೆ; ಮೆಥನಾಲಿನಲ್ಲಿ 18 ಗಂಟೆ. ನೀರಿನ ಮೇಲೆ ಹತ್ತು ನಿಮಿಷ. ನೋಡಿದವರು ಬೆರಗಾದದ್ದು ಸಹಜವೇ.

ಈ ಪಟ್ಟಿಯಲ್ಲಿ ಎಲ್ಲರೂ ಉದ್ಧರಿಸುವುದು ಮೊದಲನೆಯ ಸಾಲನ್ನೂ ಕೊನೆಯ ಸಾಲನ್ನೂ. ನ್ಯಾಯವಾದ ಹೋಲಿಕೆ ಅದಲ್ಲ. ಟಾಲ್ವೀನ್ ಸೇರಿದೊಡನೆ ಕ್ರಿಯಾವಸ್ತುಗಳ ಸಾರತೆ ಇಳಿಯುತ್ತದೆ. ಎರಡು ಅಣುಗಳು ಸಂಧಿಸಬೇಕಾದ ಕ್ರಿಯೆ ಅಷ್ಟರಿಂದಲೇ ನಿಧಾನವಾಗುತ್ತದೆ. ನೀರಿನಲ್ಲಿ ಕರಗದ ಹನಿಯೊಳಗಾದರೋ ವಸ್ತುಗಳು ದ್ರಾವಕವಿಲ್ಲದ ಸ್ಥಿತಿಯಲ್ಲಿಯೇ ಇರುತ್ತವೆ. ಆದ್ದರಿಂದ ಹೋಲಿಸತಕ್ಕದ್ದು 48 ಗಂಟೆಗೂ ಹತ್ತು ನಿಮಿಷಕ್ಕೂ. ಹಾಗೆ ಹೋಲಿಸಿದರೂ ಅಂತರ ಮುನ್ನೂರು ಪಟ್ಟಿಗೆ ಸಮೀಪವಾಗಿ ಉಳಿಯುತ್ತದೆ ಎಂಬುದು ಈ ಕೆಲಸದ ನಿಜವಾದ ಬಲ. ಅದೇ ಪಟ್ಟಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಸಾಲಿದೆ. ಫ್ಲೋರೀನು ತುಂಬಿದ ಹೆಕ್ಸೇನಿನಲ್ಲಿಯೂ ಈ ವಸ್ತುಗಳು ಕರಗದೆ ಹನಿಗಳಾಗಿಯೇ ಇರುತ್ತವೆ. ಆದರೆ ಅಲ್ಲಿ 36 ಗಂಟೆ ಬೇಕಾಯಿತು. ಹನಿಯಾಗುವುದೊಂದೇ ಸಾಲದು, ಹನಿಯ ಸುತ್ತ ಇರುವುದು ನೀರೇ ಆಗಿರಬೇಕೆಂಬುದನ್ನು ಈ ಒಂದು ಸಾಲು ಸ್ಥಾಪಿಸುತ್ತದೆ. ನಮ್ಮ ಮಟ್ಟಿಗೆ ಹತ್ತು ನಿಮಿಷದ ಸಾಲಿಗಿಂತ ಇದು ಬೆಲೆಯುಳ್ಳದ್ದು.

ಈಗ ನಮ್ಮ ಒರೆಗಲ್ಲಿನ ಮೇಲೆ ಇದನ್ನು ಉಜ್ಜಿ ನೋಡಿದರೆ ಸ್ವಲ್ಪ ವಿಚಿತ್ರವಾದ ಫಲಿತಾಂಶ ಬರುತ್ತದೆ. ನೀರಿನಲ್ಲಿ ಕರಗಿದ ವಸ್ತುಗಳ ವಿಷಯದಲ್ಲಿ ನೀರು ಅವುಗಳ ಸಂಪೂರ್ಣ ಪರಿಸರವಾದ್ದರಿಂದ ಸಮತೋಲ ಕದಲುತ್ತದೆಂದು ಹೇಳಿದೆವು. ಇಲ್ಲಿ ಹಾಗಲ್ಲ. ಹನಿಯ ಒಳಭಾಗಕ್ಕೆ ನೀರು ಅತ್ಯಲ್ಪವಾಗಿ ಮಾತ್ರ ಪ್ರವೇಶಿಸುತ್ತದೆ; ಹೊರಡುವ ವಸ್ತುವೂ ಹನಿಯಲ್ಲಿದೆ, ಉಂಟಾದ ವಸ್ತುವೂ ಹನಿಯಲ್ಲಿಯೇ ಸೇರುತ್ತದೆ. ಎರಡರ ನಡುವಣ ಶಕ್ತಿಯ ಅಂತರವನ್ನು ನೀರು ಮುಟ್ಟುವುದಿಲ್ಲ. ಅದು ಮುಟ್ಟುವುದು ಎರಡು ದ್ರವಗಳು ಸಂಧಿಸುವ ಮೇಲ್ಮೈಯನ್ನು ಮಾತ್ರ, ಪ್ಲಾಟಿನಂ ತಗಡು ಅನಿಲಗಳನ್ನು ತನ್ನ ಮೈಮೇಲೆ ಮುಟ್ಟುವಂತೆ. ಆದಕಾರಣ "ನೀರಿನ ಮೇಲಿನ" ಕ್ರಿಯೆಗಳಿಗೆ ವೇಗವರ್ಧನೆಯೆಂಬ ಹೆಸರು "ನೀರಿನೊಳಗಿನ" ಕ್ರಿಯೆಗಳಿಗಿಂತ ಹೆಚ್ಚು ಸಲ್ಲುತ್ತದೆ. ಪಠ್ಯಪುಸ್ತಕಗಳು ಎರಡನ್ನೂ ಒಂದೇ ಅಧ್ಯಾಯದಲ್ಲಿ, ಒಂದೇ ವಿವರಣೆಯ ಕೆಳಗೆ, ಬ್ರೆಸ್ಲೋವಿನಿಂದ ಷಾರ್ಪ್‌ಲೆಸ್ಸಿಗೆ ನೇರವಾದ ವಂಶಾವಳಿಯಂತೆ ಬರೆಯುವುದು ನಮಗೆ ಒಪ್ಪಿಗೆಯಾಗದು.

ಆ ಮೇಲ್ಮೈಯಲ್ಲಿ ನಡೆಯುವುದೇನು ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಎಣ್ಣೆಯನ್ನು ಸಂಧಿಸುವೆಡೆಯಲ್ಲಿ ನೀರಿನ ಅಣುಗಳ ಪೈಕಿ ಸುಮಾರು ನಾಲ್ಕರಲ್ಲಿ ಒಂದು ತನ್ನ ಒಂದು ಜಲಜನಕವನ್ನು ಯಾವ ಬಂಧವೂ ಇಲ್ಲದೆ ಹೊರಕ್ಕೆ ಚಾಚಿರುತ್ತದೆ ಎಂಬುದು 1994ರಲ್ಲಿ ಷೆನ್ ಮೊದಲಾದವರ ಬೆಳಕಿನ ಪ್ರಯೋಗಗಳಿಂದ ತಿಳಿದಿತ್ತು. ಯೂಂಗ್ ಮತ್ತು ಮಾರ್ಕಸ್ 2007ರಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು, ಹೀಗೆ ಬಿಡುವಾಗಿರುವ ಜಲಜನಕವು ಸಂಕ್ರಮಣ ಸ್ಥಿತಿಯೊಡನೆ ಬಂಧವನ್ನು ರಚಿಸಿ ಅದರ ಶಕ್ತಿಯನ್ನು ಇಳಿಸುತ್ತದೆಂದು ಪ್ರತಿಪಾದಿಸಿದರು. ನೀರಿನೊಳಗೆ ಕರಗಿದ ಅಣುವಿಗೆ ಇಂಥ ಜಲಜನಕ ಸಿಕ್ಕಬೇಕಾದರೆ ನೀರು ಮೊದಲು ತನ್ನ ಸ್ವಂತ ಬಂಧವೊಂದನ್ನು ಮುರಿದುಕೊಳ್ಳಬೇಕು. ಮೇಲ್ಮೈಯಲ್ಲಿ ಆ ವೆಚ್ಚವಿಲ್ಲ. ವಿವರಣೆ ಸರಳವಾಗಿದೆ, ಸುಂದರವಾಗಿಯೂ ಇದೆ.

2010ರಲ್ಲಿ ಬೀಟಿ ಮತ್ತು ಜೊತೆಗಾರರು ಬೇರೊಂದು ಮಾತನ್ನು ಹೇಳಿದರು. ಎಣ್ಣೆ ಮತ್ತು ನೀರಿನ ಸಂಧಿಯಲ್ಲಿ ಹೈಡ್ರಾಕ್ಸೈಡ್ ಅಯಾನುಗಳು ಬಲವಾಗಿ ಅಂಟಿಕೊಳ್ಳುತ್ತವೆ. ಆ ಒಲವಿನ ಬೆಂಬಲದಿಂದ ನೀರು ಅಲ್ಲಿ ಪ್ರೋಟಾನನ್ನೇ ಕ್ರಿಯಾವಸ್ತುವಿಗೆ ಒಪ್ಪಿಸಬಲ್ಲದು. ಆದ್ದರಿಂದ ಇದು ಆಮ್ಲದ ವೇಗವರ್ಧನೆ ಎಂಬುದು ಅವರ ಪಕ್ಷ. ಜಲಜನಕವನ್ನು ತೋರಿಸುವುದಕ್ಕೂ ಕೊಟ್ಟುಬಿಡುವುದಕ್ಕೂ ಇರುವಷ್ಟೇ ವ್ಯತ್ಯಾಸ ಈ ಎರಡು ಪಕ್ಷಗಳ ನಡುವೆ ಇದೆ. ಷಾರ್ಪ್‌ಲೆಸ್ಸರ ಪಟ್ಟಿಯಲ್ಲಿ ಭಾರಜಲದ ಸಾಲೂ ಇದ್ದು, ಅದರಲ್ಲಿ ಹತ್ತು ನಿಮಿಷದ ಬದಲು 45 ನಿಮಿಷ ಬೇಕಾಯಿತೆಂದಿದೆ. ಪ್ರೋಟಾನು ಸ್ಥಾನ ಬದಲಿಸದೆ ಬಂಧ ಮಾತ್ರ ರಚಿತವಾಗುವುದಾದರೆ ಇಷ್ಟು ದೊಡ್ಡ ಅಂತರವನ್ನು ನಾವು ನಿರೀಕ್ಷಿಸುವುದಿಲ್ಲ. ಆ ಮಟ್ಟಿಗೆ ಬೀಟಿಯ ಪಕ್ಷಕ್ಕೆ ಇದು ಅನುಕೂಲ. ಆದರೆ 10, 45 ಎಂಬ ಅಂಕಗಳು ಕ್ರಿಯೆ ಮುಗಿದ ಕಾಲವೇ ಹೊರತು ವೇಗ ಸ್ಥಿರಾಂಕಗಳಲ್ಲ. ಭಾರಜಲದ ಸ್ನಿಗ್ಧತೆ ಹೆಚ್ಚು. ಅದರಲ್ಲಿ ಕಲಕಿದ ಹನಿಗಳ ಗಾತ್ರ ಸಾಮಾನ್ಯ ನೀರಿನಲ್ಲಿದ್ದಷ್ಟೇ ಇತ್ತೆಂದು ಯಾವ ಆಧಾರದಿಂದ ಭಾವಿಸಬೇಕು? ಹನಿಗಳು ದೊಡ್ಡವಾದರೆ ಮೇಲ್ಮೈ ಕಡಮೆ. ಮೇಲ್ಮೈ ಕಡಮೆಯಾದರೆ ಕಾಲ ಹೆಚ್ಚು. ಮೇಲ್ಮೈಯ ವಿಸ್ತೀರ್ಣವನ್ನು ಅಳೆಯದೆ ಮೇಲ್ಮೈಯ ವೇಗವನ್ನು ಕುರಿತು ವಾದಿಸುವುದು, ಪಾತ್ರೆಯ ಅಳತೆ ತಿಳಿಯದೆ ಹಾಲಿನ ಬೆಲೆಯನ್ನು ಚೌಕಾಸಿ ಮಾಡಿದಂತೆ. 2012ರಲ್ಲಿ ಹಕ್ ಮೊದಲಾದವರು ಸೂಕ್ಷ್ಮನಾಳಗಳಲ್ಲಿ ಎಣ್ಣೆಯ ತುಣುಕುಗಳನ್ನೂ ನೀರಿನ ತುಣುಕುಗಳನ್ನೂ ಸಾಲಾಗಿ ಹರಿಸಿ, ಮೇಲ್ಮೈಯನ್ನು ತಮ್ಮ ಹತೋಟಿಯಲ್ಲಿಟ್ಟುಕೊಂಡು ಇದೇ ಕ್ರಿಯೆಯನ್ನು ಪರೀಕ್ಷಿಸಿದ್ದು ಸರಿಯಾದ ದಿಕ್ಕಿನ ಹೆಜ್ಜೆ.

ನೀರು ವೇಗವನ್ನು ಹೆಚ್ಚಿಸಿಯೂ ಮರಳಿ ಬಾರದ ಉದಾಹರಣೆಗಳೂ ಉಂಟು. 1993ರಲ್ಲಿ ವಿಫ್ ಮತ್ತು ಲಿಮ್ ಅಲ್ಕೈನುಗಳಿಗೆ ಟ್ರೈಮೀಥೈಲ್ ಅಲ್ಯೂಮಿನಿಯಮನ್ನು ಜರ್ಕೋನಿಯಂ ಸಂಯುಕ್ತದ ಸಹಾಯದಿಂದ ಕೂಡಿಸುವಾಗ ಅಳೆದು ಹಾಕಿದ ನೀರು ಕ್ರಿಯೆಯನ್ನು ಬಹಳವಾಗಿ ತ್ವರೆಗೊಳಿಸುತ್ತದೆಂದು ತೋರಿಸಿದರು. ಆದರೆ ಅಲ್ಯೂಮಿನಿಯಂ ಸಂಯುಕ್ತವನ್ನು ಮುಟ್ಟಿದ ನೀರು ನೀರಾಗಿ ಉಳಿಯುವುದಿಲ್ಲ. ಅದು ಹೊಸದೊಂದು ಸಂಯುಕ್ತವಾಗಿ ಮಾರ್ಪಡುತ್ತದೆ. ಅಲ್ಲಿ ನೀರನ್ನು ವೇಗವರ್ಧಕದ ಜನಕವೆನ್ನಬಹುದು, ವೇಗವರ್ಧಕವೆನ್ನಲಾಗದು.

ಹೆಸರುಗಳ ಗೊಂದಲವನ್ನು ಕುರಿತು 2006ರಲ್ಲಿ ಹಯಾಷಿ ಎತ್ತಿದ ಪ್ರಶ್ನೆಯನ್ನು ಇಲ್ಲಿ ನೆನೆಯಬೇಕು. ನೀರಿನಲ್ಲಿ ನಡೆದ ಕ್ರಿಯೆ ಎಂದು ಹೇಳಿಕೊಳ್ಳುವ ಎಷ್ಟೋ ಪ್ರಯೋಗಗಳಲ್ಲಿ ನಿಜವಾಗಿ ಇರುವುದು ನೀರಿನ ಸಾನ್ನಿಧ್ಯ ಮಾತ್ರ ಎಂಬುದು ಅವರ ಮಾತಿನ ತಿರುಳು. ಕನ್ನಡದಲ್ಲಿ ಈ ಭೇದಗಳಿಗೆ ಹೊಸ ಪದಗಳನ್ನು ಟಂಕಿಸುವ ಕಷ್ಟವಿಲ್ಲ. ನೀರಿನಲ್ಲಿ, ನೀರಿನ ಮೇಲೆ, ನೀರಿನೊಡನೆ, ನೀರಿನಿಂದ ಎಂಬ ನಾಲ್ಕು ರೂಪಗಳು ನಾಲ್ಕು ಬೇರೆ ಸಂಗತಿಗಳನ್ನು ಯಾವ ಸಂದಿಗ್ಧವೂ ಇಲ್ಲದೆ ಹೇಳುತ್ತವೆ. ಪಾಠ ಹೇಳುವವರು ಅವನ್ನು ಎಚ್ಚರದಿಂದ ಬಳಸಿದರೆ ಸಾಕು. ಇನ್ನು ನೀರು ಅಗ್ಗ, ನಿರಪಾಯ, ಪರಿಸರಕ್ಕೆ ಹಿತ ಎಂಬ ಪ್ರಶಂಸೆ. ಬ್ಲ್ಯಾಕ್‌ಮಂಡ್ ಮತ್ತು ಸಹಲೇಖಕರು 2007ರಲ್ಲಿಯೇ ಇದನ್ನು ನಿಷ್ಠುರವಾಗಿ ಪರಿಶೀಲಿಸಿ, ಸಾವಯವ ವಸ್ತುಗಳಿಂದ ಕಲುಷಿತವಾದ ನೀರನ್ನು ಶುದ್ಧಿಗೊಳಿಸುವ ವೆಚ್ಚವನ್ನೂ, ಉತ್ಪನ್ನವನ್ನು ಬೇರ್ಪಡಿಸಲು ಕಡೆಗೆ ಬಳಸುವ ದ್ರಾವಕದ ಪ್ರಮಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದ್ದಾರೆ. ಅದಕ್ಕೆ ನಾವು ಸೇರಿಸುವುದೇನೂ ಇಲ್ಲ.

ಕಾಲೇಜುಗಳಿಗೆ ನೇರವಾಗಿ ಸಂಬಂಧಿಸಿದ ಒಂದು ವಿಷಯ ಉಳಿದಿದೆ. ಹಸಿರು ರಸಾಯನದ ಪ್ರಯೋಗಮಾಲೆಗಳಲ್ಲಿ ಆಂತ್ರಸೀನ್ ಮೆಥನಾಲ್ ಮತ್ತು ಎನ್-ಮೀಥೈಲ್ ಮಲೀಯಿಮೈಡುಗಳನ್ನು ನೀರಿನಲ್ಲಿ ಕುದಿಸಿ ಡೀಲ್ಸ್–ಆಲ್ಡರ್ ಸಂಯೋಗವನ್ನು ಮಾಡಿಸುವುದು ವಾಡಿಕೆ. ಇದಕ್ಕೆ ಬ್ರೆಸ್ಲೋವಿನ ಜಲವಿಕರ್ಷಣೆಯ ವಿವರಣೆಯನ್ನು ಜೋಡಿಸಿ ಹೇಳುತ್ತಾರೆ. ಬ್ರೆಸ್ಲೋ ಅಳೆದದ್ದು 45 ಡಿಗ್ರಿಯಲ್ಲಿ, ಎಲ್ಲವೂ ಕರಗಿದ್ದ ಅತಿ ತೆಳುವಾದ ದ್ರಾವಣದಲ್ಲಿ. ವಿದ್ಯಾರ್ಥಿಯ ಪಾತ್ರೆಯಲ್ಲಾದರೋ ಆಂತ್ರಸೀನ್ ಮೆಥನಾಲಿನ ಬಹುಭಾಗ ಕರಗದೆ ತೇಲುತ್ತಿರುತ್ತದೆ, ನೀರು ಕುದಿಯುತ್ತಿರುತ್ತದೆ, ಹೋಲಿಕೆಗೆಂದು ಟಾಲ್ವೀನಿನ ಪಾತ್ರೆಯೊಂದನ್ನು ಪಕ್ಕದಲ್ಲಿ ಇಡುವುದಿಲ್ಲ. ಉತ್ಪನ್ನದ ಇಳುವರಿ ಚೆನ್ನಾಗಿ ಬಂದಿತೆಂಬುದರಿಂದ ನೀರು ವೇಗವರ್ಧಕವೆಂದು ವಿದ್ಯಾರ್ಥಿ ತನ್ನ ದಾಖಲೆ ಪುಸ್ತಕದಲ್ಲಿ ಬರೆಯುತ್ತಾನೆ, ನಾವು ಅದಕ್ಕೆ ಸಹಿ ಹಾಕುತ್ತೇವೆ. ಇಳುವರಿ ವೇಗವಲ್ಲ.

ಹೆಚ್ಚಿನ ಉಪಕರಣಗಳಿಲ್ಲದೆಯೂ ಇದನ್ನು ಸರಿಪಡಿಸಬಹುದು. ಒಂದೇ ತೂಕದ ವಸ್ತುಗಳನ್ನು ನಾಲ್ಕು ಪಾತ್ರೆಗಳಲ್ಲಿ ಒಂದೇ ತಾಪದಲ್ಲಿಡಬೇಕು: ಒಂದು ಟಾಲ್ವೀನಿನಲ್ಲಿ, ಒಂದು ದ್ರಾವಕವಿಲ್ಲದೆ, ಒಂದು ನೀರಿನಲ್ಲಿ ಕಲಕುತ್ತ, ಮತ್ತೊಂದು ನೀರಿನಲ್ಲಿ ಕಲಕದೆ. ಹದಿನೈದು ನಿಮಿಷಕ್ಕೊಮ್ಮೆ ಸ್ವಲ್ಪವೇ ಹೊರತೆಗೆದು ತೆಳುಪದರದ ಮೇಲೆ ಪರೀಕ್ಷಿಸಿದರೆ ಕ್ರಿಯೆಯ ನಡೆ ಕಣ್ಣಿಗೆ ಕಾಣುತ್ತದೆ. ಕಲಕಿದ ಪಾತ್ರೆಗೂ ಕಲಕದ ಪಾತ್ರೆಗೂ ದೊಡ್ಡ ಅಂತರ ಕಂಡರೆ ಮೇಲ್ಮೈಯ ಕೈವಾಡವನ್ನು, ಅಥವಾ ಕರಗುವ ವೇಗವೇ ಮಿತಿಯಾಗಿರುವುದನ್ನು ಶಂಕಿಸಬೇಕು. ಲಿಥಿಯಂ ಕ್ಲೋರೈಡ್ ಸೇರಿಸಿದ ಐದನೆಯ ಪಾತ್ರೆ ಇವೆರಡನ್ನು ಬೇರ್ಪಡಿಸಲು ಕೆಲಮಟ್ಟಿಗೆ ನೆರವಾದೀತು. ಗ್ಲೂಕೋಸಿನ ಪ್ರಯೋಗವನ್ನು ನಡೆಸುವ ಕಾಲೇಜುಗಳು ಅದನ್ನು ಬರಿಯ ನೀರಿನಲ್ಲಿ ಮುಗಿಸದೆ ಪಿರಿಡೀನಿಗೆ ಅಳತೆಯ ನೀರನ್ನು ಸೇರಿಸಿಯೂ ನೋಡಬಹುದು. ಗಾಳಿಯಾಡುವ ಕಪಾಟಿನೊಳಗೆ ಕೆಲಸಮಾಡುವುದು ಅವಶ್ಯಕ. ಹೀಗೆ ದೊರೆತ ಅಂಕಗಳನ್ನು, ಅವು ನಿರೀಕ್ಷೆಗೆ ವಿರುದ್ಧವಾಗಿದ್ದರೂ, ತಾಪ, ಕಲಕಿದ ವೇಗ ಮತ್ತು ಪಾತ್ರೆಯ ಅಳತೆಗಳೊಡನೆ ವಿಭಾಗಕ್ಕೆ ಕಳುಹಿಸಿದಲ್ಲಿ ಮುಂದಿನ ಸಂಚಿಕೆಯಲ್ಲಿ ಅವನ್ನು ಒಟ್ಟುಗೂಡಿಸಿ ಪ್ರಕಟಿಸಬಹುದು.